ನಮ್ಮ ಭಾವ ಪಾಸ್ ಮಾಡಲಾರದ ಧ್ವನಿ

ನಮ್ಮ ಭಾವ, ಅಂದ್ರ ನಮ್ಮ ಅಕ್ಕನ ಗಂಡ, ದೇವರನ್ನ ನಂಬ್ತಾರ. ಆದ್ರ ಪ್ರಸಾದ ಮಾತ್ರ ಮೂಸಿ ನೋಡೇ ತಿಂತಾರ!

ಸುಳ್ಳು ಅನ್ನಬ್ಯಾಡ್ರಿ. ನಾಶಿಕದ ಪಂಚವಟಿಯೊಳಗ ಪೂಜಾರಿ ಕೊಟ್ಟ ಪೇಢಾ ಬೆಳಕಿಗೆ ಹಿಡದು, ಒಂದು ಕಣ್ಣು ಮುಚ್ಚಿ, ಸುತ್ತ ತಿರುಗಿಸಿ ನೋಡಿದ್ದನ್ನ ನಾನ ಕಣ್ಣಾರೆ ಕಂಡೀನಿ. ಪೂಜಾರಿ ಗಾಬರಿಯಾಗಿ "ಕಾಯ್ ಝಾಲಂ, ಕಾಕಾ?" ಅಂತ ಮರಾಠಿಯೊಳಗ ಏನಾತು ಅಂತ ಕೇಳಿದ. "ಕಾಹಿ ನಾಹಿ. ಇನ್ಸ್‌ಪೆಕ್ಷನ್" ಅಂದ್ರು ನಮ್ಮ ಭಾವ.

ತಪ್ಪು ಅವರದಲ್ರಿ, ಅವರ ಕೆಲಸದ್ದು. ಓಝರ್ ಹತ್ರದ ವಿಮಾನದ ಫ್ಯಾಕ್ಟರಿಯೊಳಗ ಜೀವಮಾನ ಪೂರ್ತಿ ಇನ್ಸ್‌ಪೆಕ್ಟರ್ ಆಗಿದ್ರು. ಯಾರೋ ಮಾಡಿದ ಸಾಮಾನು ಇವರ ಮುಂದ ಬರಬೇಕು. ಇವರು ಗೇಜ್, ಅಂದ್ರ ಅಳತಿ ಉಪಕರಣ, ಹಚ್ಚಿ ನೋಡಿ, ತಟ್ಟಿ ಸಪ್ಪಳ ಕೇಳಿ, ಆಮ್ಯಾಲ ತಮ್ಮ ಸಣ್ಣ ಮುದ್ರಿ ಒತ್ತಬೇಕು. ಮುದ್ರಿ ಬಿದ್ರ ವಿಮಾನಕ್ಕ, ಇಲ್ಲಾಂದ್ರ ಗುಜರಿಗೆ. ರಿಟೈರ್ ಆದ ದಿನ ಮುದ್ರಿ ವಾಪಸ್ ಕೊಟ್ಟು ಬಂದ್ರು. ಹೆಬ್ಬೆಟ್ಟು ವಾಪಸ್ ಕೊಡೂದು ಮರತ್ರು! ಅವತ್ತಿನಿಂದ ಮನಸ್ಸಿಗೆ ಬಂದದ್ದರ ಮ್ಯಾಲ ಹೆಬ್ಬೆಟ್ಟು ಒತ್ತಿ "ಪಾಸ್" ಅಂತಾರ. ಒಂದು ಕುಕ್ಕರ್ ಪಾಸ್ ಆಗೇದ, ಅಪರೂಪಕ್ಕ ಒಂದು ಕಲ್ಲಂಗಡಿ. ಅಕ್ಕನ ಉಪ್ಪಿಟ್ಟು ಇವತ್ತಿಗೂ ಆಗಿಲ್ಲ. ಅಳಿಯನ್ನ ಪೆಂಡಿಂಗ್ ಇಟ್ಟಾರ. ನನ್ನನ್ನಂತೂ ಮದುವಿ ಮಂಟಪದಾಗ ನೋಡಿದ ಕೂಡಲೆ ಗುಜರಿಗೆ ಹಾಕಿದ್ರು.

ಹಾಕದ ಏನು ಮಾಡ್ತಾರ? ಅವರ ಒಂದು ಚಪ್ಪಲಿ ಬಚ್ಚಿಟ್ಟಿದ್ದೆ. ಎರಡೂ ಬಚ್ಚಿಡೂದು ಎಲ್ಲಾರೂ ಮಾಡ್ತಾರ, ಒಂದೇ ಬಚ್ಚಿಡೂದು ಕಲೆ! ಕುಚೇಷ್ಟೆಯೊಳಗ ನನ್ನ ಸರಿಸಾಟಿ ಮನುಷ್ಯಾ ನಾಶಿಕದಿಂದ ಮನ್ಮಾಡ್ ತನಕ ಹುಟ್ಟಿಲ್ರಿ. ಮನ್ಮಾಡ್ ದಾಟಿ ಯಾರರ ಇದ್ರ, ಅವರು ನನ್ನ ಕಡೆ ಕಲತು ಹೋದವರ ಇರಬೇಕು.

ಇಂಥಾ ಸಂಶಯದ ಮನುಷ್ಯಾಗ ಕಿವಿ ಹೋತು ನೋಡ್ರಿ. ಒಮ್ಮೆಲೆ ಅಲ್ಲ. ಮೊದಲ ಗುಬ್ಬಿ ಹೋದ್ವು, ಆಮ್ಯಾಲ ಫೋನು, ಆಮ್ಯಾಲ ಟಿವಿ, ಕಡೀಕ ಅಕ್ಕನ ಮಾತು. ಕಿವಿಗೆ ಹಾಕೂ ಮಷೀನೂ ಉಪಯೋಗಕ್ಕ ಬರಲಿಲ್ಲ. ಕಿವಿ ಇದ್ದಾಗ ಅರ್ಧ ಸಂಶಯ ಇತ್ತು, ಕಿವಿ ಹೋದ ಮ್ಯಾಲ ಪೂರಾ ಆತು. ಇಬ್ಬರು ಮಾತಾಡಿದ್ರ ತಮ್ಮ ಬಗ್ಗೆ, ಮೂವರು ನಕ್ರ ತಮ್ಮ ಮ್ಯಾಲ. (ಆ ಮೂವರೊಳಗ ನಾ ಇದ್ರ ಅದು ಖರೇನೂ ಇರತಿತ್ತು, ಆ ಮಾತು ಬ್ಯಾರೆ.)

ನಮ್ಮ ಅಕ್ಕ ಸಾಮಾನ್ಯ ಮಾತುಗಾತಿ ಅಲ್ರಿ. ಧಾರವಾಡದ ಬಸ್ ಸ್ಟ್ಯಾಂಡಿನಾಗ ಅಕಿ ಮಾತು ಸುರು ಮಾಡಿದ್ರ ಹುಬ್ಬಳ್ಳಿ ಬಸ್ ತಪ್ಪತಿತ್ತು. ನಗು ಇನ್ನೂ ವಿಚಿತ್ರ. ನಕ್ಕು ನಕ್ಕು ಕಡೀಕ ಮೂಗಿನಿಂದ ಸೋಡಾ ಬಾಟ್ಲಿ ತಗದಂಗ ಒಂದು ಸಪ್ಪಳ! ಹೆಣ್ಣು ನೋಡಲಿಕ್ಕೆ ಬಂದಾಗ ಭಾವ ಅದನ್ನ ಕೇಳಿಯೇ "ಹೂಂ" ಅಂದ್ರಂತ. ಅಂಥಾ ಅಕ್ಕ ಈಗ ಕೈಸನ್ನಿಯೊಳಗ ಸಂಸಾರ ಮಾಡಲಿಕ್ಕೆ ಹತ್ತಿದ್ಲು. ಚಹಾಕ್ಕ ಒಂದು ಸನ್ನಿ, ಊಟಕ್ಕ ಒಂದು ಸನ್ನಿ. ಉಳದ ಮಾತು ಎಲ್ಲಿ ಹೋದ್ವು ಅಂತ ನಾವ್ಯಾರೂ ಕೇಳಲಿಲ್ಲ.

ನಾಶಿಕದ ಡಾಕ್ಟರ್ ಹೇಳಿದ್ರು: "ಕಾಕ್ಲಿಯರ್ ಇಂಪ್ಲಾಂಟ್ ಮಾಡಸ್ರಿ." ಕಿವಿ ಹಿಂದ, ತೊಗಲಿನ ಕೆಳಗ ಒಂದು ಸಣ್ಣ ಯಂತ್ರ ಕೂಡಸ್ತಾರ. ಹೊರಗ ಕಿವಿ ಮ್ಯಾಲ ಇನ್ನೊಂದು, ಅದರ ವೈರಿನ ತುದಿಗೆ ಒಂದು ಬಿಲ್ಲೆ. ಆ ಬಿಲ್ಲೆ ಮ್ಯಾಗ್ನೆಟ್‌ನಿಂದ ತಲಿಗೆ ಅಂಟಿಕೊಳ್ತದ. ಭಾವ ಒಪ್ಪಿದ್ರು, ಆದ್ರ ನಾಶಿಕದಾಗ ಬ್ಯಾಡ ಅಂದ್ರು. ಯಾಕ? ಆ ಡಾಕ್ಟರ್ ನನ್ನ ಜೋಡಿ ಚಹಾ ಕುಡದಿದ್ದನ್ನ ನೋಡಿದ್ರಂತ! "ಇವನ ಗೆಳೆಯಾ ನನ್ನ ತಲಿಯೊಳಗ ಏನರ ಇಟ್ಟುಗಿಟ್ಟಾನು" ಅಂದ್ರು. ಕಡೀಕ ಔರಂಗಾಬಾದ್ ಪಾಸ್ ಆತು. ಆಗಿನ್ನೂ ಔರಂಗಾಬಾದ್, ಸಂಭಾಜಿನಗರ ಅನ್ನೂದು ಆಮ್ಯಾಲ. ಮಗಳು, ಅಳಿಯ ಅಲ್ಲೇ ವಾಳೂಜ್‌ದಾಗ ಇದ್ರು. ಮುಖ್ಯ ಏನಂದ್ರ, ಆ ಊರಾಗ ನನ್ನ ಗುರುತಿನ ಡಾಕ್ಟರ್ ಯಾರೂ ಇರಲಿಲ್ಲ.

ಆಪರೇಷನ್ ಆಗಿ ಗಾಯ ಮಾಯ್ದ ಮ್ಯಾಲ ಯಂತ್ರ ಚಾಲೂ ಮಾಡೂ ದಿನ ಬಂತು. ಅಕ್ಕ ಯೇವಲಾದ ಪೈಠಣಿ ಸೀರಿ ಉಟಗೊಂಡು ಬಂದಿದ್ಲು. "ಅವರಿಗೆ ಹೋಗಿದ್ದು ಕಿವಿ, ಕಣ್ಣಲ್ಲವಾ" ಅಂದೆ. "ಸುಮ್ನ ಕೂಡೋ" ಅಂದು ಸೆರಗು ಸರಿಮಾಡಿಕೊಂಡ್ಲು.

ಯಂತ್ರ ಹೊಂದಸೂ ಮೇಡಮ್ ಒಬ್ಬ ಮರಾಠಿ ಹುಡುಗಿ. ಭಾವನ ಯಂತ್ರಕ್ಕ ಕಂಪ್ಯೂಟರ್ ಜೋಡಿಸಿ, ಒಂದೊಂದೇ ಸಣ್ಣ ಪೀಂ ಪೀಂ ಸಪ್ಪಳ ಬಿಟ್ಟಳು. ಕೇಳಿಸಿದ ಕೂಡಲೆ ಕೈ ಎತ್ತಬೇಕು, ಜೋರಾದ್ರ ಸಾಕು ಅನ್ನಬೇಕು. ಅದರ ಮ್ಯಾಲ ಸೆಟ್ಟಿಂಗ್. ಭಾವ ಗಂಭೀರ ಆಗಿ ಕೈ ಎತ್ತಿದ್ರು, ಇಳಿಸಿದ್ರು. ಎಲ್ಲಾ ಮುಗದು ಮೇಡಮ್ ಅಕ್ಕಗ ಕಣ್ಸನ್ನಿ ಮಾಡಿದ್ಲು.

ಅಕ್ಕ ಮೆಲ್ಲಗ ಕೇಳಿದ್ಲು: "ಕೇಳಸ್ತದೇನ್ರಿ?"

ಭಾವ ಅಕ್ಕನ ಮುಖ ನೋಡಿದ್ರು. ಮೇಡಮ್ ಮುಖ ನೋಡಿದ್ರು. ಬಗ್ಗಿ ಟೇಬಲ್ ಕೆಳಗ ನೋಡಿದ್ರು!

"ಇದು ಯಾರ ಧ್ವನಿ?"

"ಅಕ್ಕಂದು, ಭಾವ!" ಅಂದೆ ನಾನು.

"ಅಲ್ಲ. ನನ್ನ ಹೆಂಡತಿ ಧ್ವನಿ ನನಗ ಗೊತ್ತದ. ಇದು ತಗಡಿನ ಡಬ್ಬಿಯೊಳಗ ಬಾತುಕೋಳಿ ಕೂಗಿಧಂಗ ಅದ. ರಿಜೆಕ್ಟ್!"

ಪೈಠಣಿ ಉಟ್ಟ ಅಕ್ಕನ ಮುಖ ಆವಾಗ ನೋಡಬಾರದಿತ್ರಿ. ಮೇಡಮ್ ಸಮಾಧಾನ ಮಾಡಿದ್ಲು. ಮೊದಮೊದಲ ಎಲ್ಲಾರಿಗೂ ಹಿಂಗ ಕೇಳಸ್ತದ, ಮಿದುಳು ಹೊಸದಾಗಿ ಕಲೀಬೇಕು. ದಿನಾ ಯಾರರ ಬಾಯಿ ಮರಿ ಮಾಡಿ ಓದಬೇಕು, ಕಾಕಾ ಬರೇ ಕೇಳಬೇಕು. ಕೇಳಲಿಲ್ಲಾಂದ್ರ ಯಂತ್ರ ಇದ್ದೂ ಇಲ್ಲಧಂಗ.

ಮನೀಗೆ ಬಂದು ಭಾವ ಒಂದೊಂದೇ ಸಪ್ಪಳದ ತಪಾಸಣಿ ನಡಸಿದ್ರು. "ಈ ಫ್ರಿಜ್ ಎಂದಿನಿಂದ ಗೊಣಗತದ?" "ಯಾರದು ಕಡಿಗಲ್ಲಿನ ಮ್ಯಾಲ ನಡ್ಯಾಕತ್ತವರು?" ಯಾರೂ ಇಲ್ರಿ, ಅವರ ಬಾಯೊಳಗಿನ ಚಿವಡಾ!

ಇಂಥಾ ಸುವರ್ಣಾವಕಾಶ ನಾ ಬಿಡತೀನೇನು? ಅವರ ಮುಂದ ಕೂತು ಬರೇ ತುಟಿ ಅಲ್ಲಾಡಿಸಿದೆ, ಸಪ್ಪಳ ಇಲ್ಲದ. ಭಾವ ಬಿಲ್ಲೆ ತಗದು ಒರಿಸಿ ಹಚ್ಚಿದ್ರು. ನಾ ಕೈ ಬೀಸಿ ಬೀಸಿ ಭಾಷಣ ನಡಸೇ ಇದ್ದೆ. ಬ್ಯಾಟರಿ ಬದಲಿಸಿದ್ರು. ಮತ್ತೊಂದು ಬ್ಯಾಟರಿ! ಅಡಗಿ ಮನಿಯೊಳಗ ಕುಕ್ಕರ್ ಸೀಟಿ ಹೊಡದು ನನ್ನ ಗುಟ್ಟು ರಟ್ಟು ಮಾಡಿತು. ಸೀಟಿ ಕೇಳಸ್ತದ, ನಾ ಕೇಳಸಂಗಿಲ್ಲ!

"ಲೇ ಹುಚ್ಚಪ್ಯಾಲಿ!" ಅಂದ್ರು. ಅವತ್ತಿನಿಂದ ನಾ ಬಾಯಿ ತಗದ್ರ ಸಾಕು, ಎರಡು ಬೆರಳು ನನ್ನ ಗಂಟಲ ಮ್ಯಾಲ ಇಟ್ಟು, ಒಳಗ ನಡಗತದೋ ಇಲ್ಲೋ ನೋಡಿ, ಆಮ್ಯಾಲ ಮಾತು ಕೇಳೂ ಪದ್ಧತಿ ಸುರು ಆತು. ಮಂದಿ ಮುಂದನೂ! ತರಕಾರಿಯವ ಇವರು ನನ್ನ ಕುತಗಿ ಹಿಚಕತಾರ ಅಂತ ಬಿಡಿಸಲಿಕ್ಕೆ ಓಡಿ ಬಂದಿದ್ದ.

ಆದ್ರ ಅಕ್ಕ ಪೇಪರ್ ಹಿಡದು ಓದಲಿಕ್ಕೆ ಕೂತ್ರ, "ಈ ಬಾತುಕೋಳಿ ನಮ್ಮ ಮನಿದಲ್ಲ" ಅಂತ ಬಿಲ್ಲೆ ಕಿತ್ತು ಡಬ್ಬಿಗೆ ಹಾಕ್ತಿದ್ರು. ಒಂದು ವಾರದಾಗ ಡಬ್ಬಿ ಕಪಾಟು ಸೇರಿತು. ಮತ್ತ ಕೈಸನ್ನಿ ಸುರು ಆತು. ಮೆಂತ್ಯ ಸೊಪ್ಪು ಬಿಡಸ್ಕೋತ ಅಕ್ಕ ನನಗ ಅಂದ್ಲು: "ಕೇಳಸಲಾರದಾಗ ನನ್ನ ಧ್ವನಿ ಅವರ ತಲಿಯೊಳಗರ ನೆಟ್ಟಗ ಇತ್ತೋ. ಈಗ ಅಲ್ಲಿಂದನೂ ಹೋತು."

ನಾ ಒಂದು ಮೆಂತ್ಯ ಕಟ್ಟು ಎಳಕೊಂಡು ಅಕಿ ಜೋಡಿ ಬಿಡಸಲಿಕ್ಕೆ ಕೂತೆ.

ಮುಂದಿನ ಸೆಟ್ಟಿಂಗಿಗೆ ಭಾವನ್ನ ಎಳಕೊಂಡೇ ಹೋದ್ವಿ. ಮೇಡಮ್ ಕಂಪ್ಯೂಟರ್ ನೋಡಿ ತಲಿ ಕೆರಕೊಂಡ್ಲು. "ಕಾಕಾ, ಹಿಂದಿನ ಸಲ ಎಷ್ಟೋ ಕಡೆ ಸಪ್ಪಳ ಇರಲಾರದಾಗ ಕೈ ಎತ್ತೀರಿ ಅನಸ್ತದ!"

ಭಾವ ಎದಿ ಉಬ್ಬಿಸಿದ್ರು. "ಎತ್ತೇನಿ. ನಡುನಡುವ ಬೇಕಂತನ ಸುಳ್ಳ ಎತ್ತಿದೆ. ನಿಮ್ಮ ಮಷೀನ್ ನನ್ನ ಸುಳ್ಳು ಹಿಡೀತದೋ ಇಲ್ಲೋ ನೋಡಬೇಕಿತ್ತು. ಹಿಡೀಲಿಲ್ಲ. ನಿಮ್ಮ ಇನ್ಸ್‌ಪೆಕ್ಷನ್ ಬರೋಬ್ಬರಿ ಇಲ್ಲ!"

ಹೇಳ್ರಿ, ಇಂಥಾವರಿಗೆ ಏನು ಮಾಡೂದು? ಪರೀಕ್ಷಾ ಬರೀಲಿಕ್ಕೆ ಬಂದ ಮನುಷ್ಯಾ ಮಾಸ್ತರಿಗೆ ಮಾರ್ಕ್ಸ್ ಕೊಟ್ಟು ಬಂದಿದ್ದ! ಸುಳ್ಳು ಕೈ ನಂಬಿ ಮಾಡಿದ ಸೆಟ್ಟಿಂಗಿನಾಗ ಬಾತುಕೋಳಿ ಅಲ್ಲದ ಕೋಗಿಲೆ ಕೂಗತದೇನು? ಮೇಡಮ್ ಎರಡೂ ಕೈಲೆ ತಲಿ ಹಿಡಕೊಂಡ್ಲು. ಆವಾಗ ನಾ ಅಕಿ ಕಿವಿಯೊಳಗ ಒಂದು ಮಾತು ಊದಿದೆ. ಅದನ್ನ ಅಕಿ ಒಂದು ಹಾಳಿ ಮ್ಯಾಲ ದೊಡ್ಡದಾಗಿ ಬರದು ತೋರಿಸಿದ್ಲು: "ಕಾಕಾ, ಇಲ್ಲಿ ನೀವು ಇನ್ಸ್‌ಪೆಕ್ಟರ್ ಅಲ್ಲ. ನೀವು ಗೇಜ್."

ಭಾವನ ಮುಖ ಬಿಳಿಚಿಕೊಂಡ್ತು. ಮನುಷ್ಯಾ ಸುಳ್ಳು ಹೇಳಬಹುದು, ಗೇಜ್ ಸುಳ್ಳು ಹೇಳಿದ್ರ ವಿಮಾನ ಬೀಳ್ತದಲ್ರಿ! ಅವತ್ತು ಅವರು ಕೈ ಎತ್ತಿದ ಪರಿ ನೋಡಬೇಕಿತ್ತು. ಉಸಿರು ಹಿಡದು, ಕಣ್ಣು ಮುಚ್ಚಿ, ಬೆವತು.

ಹೊಸ ಸೆಟ್ಟಿಂಗಿನಾಗ ಅಕ್ಕ ಮಾತಾಡಿದ್ಲು. ಭಾವ ಭಾಳ ಹೊತ್ತು ವಿಚಾರ ಮಾಡಿದ್ರು. "ಬಾತುಕೋಳಿ ಹೋತು. ಹೆಂಗಸು ಬಂದಾಳ. ಆದ್ರ ಇಕಿ ಬ್ಯಾರೆ ಯಾರೋ. ಪೆಂಡಿಂಗ್."

ಇನ್ನ ಕೇಳಿ ಕೇಳಿ ಕಲಿಯೂದಷ್ಟ ಉಳದಿತ್ತು. ಬ್ಯಾರೆ ಹೆಂಗಸು ಓದೂದನ್ನ ಇವರು ಯಾಕ ಕೇಳ್ಯಾರು? ಐದು ನಿಮಿಷಕ್ಕ ತೂಕಡಸ್ತಿದ್ರು. ಇಲ್ಲಿ ನನ್ನ ಬುದ್ಧಿವಂತಿಕಿ ಉಪಯೋಗಕ್ಕ ಬಂತು ನೋಡ್ರಿ! "ಅಕ್ಕಾ, ಛಲೋ ಸಾಮಾನು ಕಂಡ್ರ ಇನ್ಸ್‌ಪೆಕ್ಟರ್‌ಗೆ ನಿದ್ದಿ ಬರ್ತದ. ಓದೂ ಸುದ್ದಿಯೊಳಗ ಒಂದು ಸುಳ್ಳು ಸೇರಸು" ಅಂದೆ.

ಮರುದಿನ ಮುಂಜಾನೆ ಅಕ್ಕ ಮರಾಠಿ ಪೇಪರ್ ಮುಖಕ್ಕ ಅಡ್ಡ ಹಿಡದು ಕನ್ನಡದಾಗ ಓದಿದ್ಲು. ಗೋದಾವರಿ ನೀರು, ದ್ರಾಕ್ಷಿ ಬೆಳಿ, ಆಮ್ಯಾಲ: "ನಾಶಿಕದಾಗ ಒಬ್ಬ ರಿಟೈರ್ಡ್ ಇನ್ಸ್‌ಪೆಕ್ಟರ್ ಹಸಿ ಟಾವೆಲ್ ಹಾಸಿಗಿ ಮ್ಯಾಲ ಒಗದು ಪರಾರಿ ಆಗ್ಯಾನ."

ಭಾವ ಕಣ್ಣು ತಗದ್ರು. "ಏನಂದಿ? ಮತ್ತ ಓದು."

ಅಕ್ಕ ಮತ್ತ ಓದಿದ್ಲು. ಭಾವ ಪೇಪರ್ ಕಸಗೊಂಡ್ರು. "ಟಾವೆಲ್ ಎಲ್ಲದ? ಇದರಾಗ ಟಾವೆಲ್ ಇಲ್ಲ!"

ಅಕ್ಕನೂ ನಾನೂ ಮುಖ ಮುಖ ನೋಡಿದ್ವಿ. ಪೇಪರ್ ಹಿಂದಿನ ಮಾತು ಹಿಡದಿದ್ರು! ಅವತ್ತಿನಿಂದ ಚಹಾಕ್ಕಿಂತ ಮೊದಲ ಕುರ್ಚಿ ಎಳಕೊಂಡು ಕೂಡತಿದ್ರು, ಸುಳ್ಳು ಹಿಡೀಲಿಕ್ಕೆ. ಒಂದು ಶಬ್ದ ಬಿಡತಿದ್ದಿಲ್ಲ. ಸಂಶಯ ಒಬ್ಬ ಮನುಷ್ಯಾಗ ಇಷ್ಟು ಉಪಕಾರ ಮಾಡಿದ್ದನ್ನ ನಾ ಎಲ್ಲೂ ನೋಡಿಲ್ರಿ. ಆದ್ರೂ ಧ್ವನಿ ಮಾತ್ರ ಪೆಂಡಿಂಗ್ ಇತ್ತು.

ಒಂದು ಮುಂಜಾನೆ ಅಕ್ಕ ಓದಿದ್ಲು: "ಒಬ್ಬ ಗಂಡ ಹೆಂಡತಿ ಮಾಡಿದ ಉಪ್ಪಿಟ್ಟು ಪಾಸ್ ಅಂದ. ಧಕ್ಕಿ ತಡೀಲಾರದ ಹೆಂಡತಿ..." ಮುಂದ ಓದಲಿಕ್ಕೆ ಆಗಲಿಲ್ಲ ಅಕಿಗೆ. ನಗು ಬಂತು. ನಕ್ಕು ನಕ್ಕು ಪೇಪರ್ ಕೈಬಿಟ್ಟು, ಕಡೀಕ ಮೂಗಿನಿಂದ ಆ ಸೋಡಾ ಬಾಟ್ಲಿ!

ಭಾವ ಕಪ್ಪು ಕೆಳಗಿಟ್ರು.

"ಮತ್ತೊಮ್ಮೆ."

"ಏನು ಓದಲ್ರಿ?"

"ಓದಬ್ಯಾಡ. ನಗು."

ಹೇಳಿದ ಕೂಡಲೆ ಯಾರಿಗೆ ನಗು ಬರ್ತದ್ರಿ? ಅಕ್ಕಗ ಮೊದಲ ಕಣ್ಣೀರು ಬಂತು. ಗಂಡನ ಮುಖ ನೋಡಿ ಆಮ್ಯಾಲ ನಗು ಬಂತು, ಅದರ ಹಿಂದ ಸೋಡಾನೂ. ಭಾವ ಅಕಿ ಕೈ ಎಳಕೊಂಡು, ಅಂಗೈ ಬಿಚ್ಚಿ, ನಟ್ಟನಡುವ ಹೆಬ್ಬೆಟ್ಟು ಒತ್ತಿದ್ರು. ಒತ್ತಿದವರು ತಗೀಲೇ ಇಲ್ಲ.

"ಇಕಿನೇ" ಅಂದ್ರು.

ಆಮ್ಯಾಲ ನನ್ನ ಕಡೆ ತಿರುಗಿ, "ನೀ ಏನಂತಿಲೇ?" ಅಂದ್ರು. ನಾ ಬಾಯಿ ತಗದೆ. ತುಟಿ ಅಲ್ಲಾಡಿದ್ವು, ಸಪ್ಪಳ ಹೊರಗ ಬರಲಿಲ್ಲ. ಭಾವ ಸಂಶಯದಿಂದ ಹುಬ್ಬು ಏರಿಸಿ, ಎರಡು ಬೆರಳು ನನ್ನ ಗಂಟಲ ಮ್ಯಾಲ ಇಟ್ರು. ಒಳಗ ನಡಗೂದು ಬೆರಳಿಗೆ ಗೊತ್ತಾತು, ಏರಿಸಿದ ಹುಬ್ಬು ಕೆಳಗಿಳೀತು.

ಬ್ಯಾಟರಿ ಕಡೆ ಅವರ ಕೈ ಹೋಗಲಿಲ್ಲ.