ಹುಲ್ಲಿನ ಯಂತ್ರದ ಉಬ್ಬಸ

ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ನು ಸಿಡಿದರೆ ಅದರ ಬ್ಲೇಡು ಎರಡನೇ ಮಹಡಿಯ ತಮ್ಮ ಮನೆಯವರೆಗೂ ಹಾರೀತೇ? ಪುಟ್ಟನ ತಾಯಿಗೆ ಹತ್ತಿಕೊಂಡ ಈ ಚಿಂತೆ ಎಷ್ಟು ಕೊಡವಿದರೂ ಉದುರುತ್ತಿರಲಿಲ್ಲ. (ಹಿಂದಿನ ವಾರದ ಚಿಂತೆ, ಮಗುವಿನ ಎರಡೂ ಕಿವಿ ಒಂದೇ ಅಳತೆಯವೇ ಎಂಬುದು. ಟೇಪು ಹಿಡಿದ ಮೇಲೆ ಬಗೆಹರಿದಿತ್ತು.)

ಕೆಳಗಿನ ಹುಲ್ಲುಹಾಸಿನಲ್ಲಿ ತೋಟದಣ್ಣ ದಿನಾ ಮಧ್ಯಾಹ್ನ ಒಂದೊಂದು ಪಟ್ಟಿ ಹುಲ್ಲು ಕತ್ತರಿಸುತ್ತಿದ್ದ. ಅವನ ಪೆಟ್ರೋಲ್ ಯಂತ್ರ ಗುರ್ರ್ರ್ ಎಂದು ಏರುತ್ತಿತ್ತು, ಗುಡುಗುಡು ಎಂದು ಕುಸಿಯುತ್ತಿತ್ತು, ಇನ್ನೇನು ಪ್ರಾಣ ಹೋಯಿತು ಎನ್ನುವಷ್ಟರಲ್ಲಿ ಮತ್ತೆ ಏರುತ್ತಿತ್ತು. ಪುಟ್ಟ ಮಾತ್ರ ಆ ಹೊತ್ತಿಗೆ ಸೊಂಪಾಗಿ ನಿದ್ರಿಸುತ್ತಿದ್ದ. ಅದು ತನ್ನ ವೇಳಾಪಟ್ಟಿಯ ಮಹಿಮೆ ಎಂದೇ ಅವಳು ನಂಬಿದ್ದಳು.

ಒಂದು ಬೆಳಿಗ್ಗೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಕೆಳಗಿಳಿದಳು.

"ಅಣ್ಣಾ, ನಿಮ್ಮ ಮಿಷನ್ನಿಗೆ ಉಬ್ಬಸ ಬಂದಿದೆ. ಸಿಡಿದ್ರೆ ಏನು ಗತಿ?"

"ಹುಲ್ಲು ಕಟ್ಟಾಗ್ತಿದೆಯಲ್ಲಮ್ಮಾ! ಅದರ ಪಾಡಿಗೆ ಅದಿರ್ಲಿ ಬಿಡಿ."

ಬಿಡುವ ಪೈಕಿಯೇ ಅವಳು? ಫೋನಿನಲ್ಲಿ ಓದಿ ಓದಿ ಚಿಕಿತ್ಸಾಪರ್ವವನ್ನೇ ಆರಂಭಿಸಿದಳು. ಹಳೇ ಪೆಟ್ರೋಲ್ ತೆಗೆಸಿ ಹೊಸದು ಹಾಕಿಸಿದಳು. ಉಬ್ಬಸ ಹಾಗೇ ಇತ್ತು. ಏರ್ ಫಿಲ್ಟರ್ ತೊಳೆಸಿ, ಪುಟ್ಟನ ಬಟ್ಟೆಗಳ ಪಕ್ಕದಲ್ಲೇ ಒಣಗಿಸಿದಳು (ಕ್ಲಿಪ್ಪು ಮಾತ್ರ ಬೇರೆ). ಊಹೂಂ. ಕಾರ್ಬುರೇಟರಿನ ಸಣ್ಣ ತೂತಿಗೆ ತೆಳು ತಂತಿ ತೂರಿಸಿದ್ದೂ ಆಯಿತು.

"ಏನೇ, ಮಿಷನ್ನಿಗೂ ಬಾಣಂತನ ಮಾಡ್ತಿದ್ದೀಯಾ?" ಎಂದ ಗಂಡ.

"ನೀವು ನಗ್ತಾ ಇರಿ. ಸಿಡಿದ ದಿನ ಗೊತ್ತಾಗುತ್ತೆ."

ಕೊನೆಗೆ ಉಳಿದದ್ದು, ಇಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಸಣ್ಣ ಸ್ಪ್ರಿಂಗು. ಅದನ್ನು ಸಿಕ್ಕಿಸಲು ಸಾಲಾಗಿ ತೂತುಗಳಿದ್ದವು.

"ಪಕ್ಕದ ತೂತಿಗೆ ಹಾಕಿ ನೋಡಿ ಅಣ್ಣಾ."

ಹಾಕಿದ. ಹಗ್ಗ ಎಳೆದ. ಯಂತ್ರ ಒಂದೇ ಸಮನೆ ಗುಂಯ್‌ಗುಟ್ಟಿತು. ಎಳ್ಳಷ್ಟೂ ಏರಲಿಲ್ಲ, ಇಳಿಯಲಿಲ್ಲ.

"ಭಲೇ ಅಮ್ಮಾ! ನೀವೇ ಮೆಕ್ಯಾನಿಕ್ಕು!"

ಅವಳು ದಿಗ್ವಿಜಯ ಮುಗಿಸಿದವಳಂತೆ ಮೆಟ್ಟಿಲೇರಿದಳು.

ಅಂದು ಮಧ್ಯಾಹ್ನ ಪುಟ್ಟ ಮಲಗಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಹೆಗಲಿಗೆ ಹಾಕಿಕೊಂಡು ಅಡ್ಡಾಡಿ ಅಡ್ಡಾಡಿ ಅವಳ ಕಾಲು ಬಿದ್ದುಹೋದವು. ರಜೆಯ ದಿನ, ಸುಸ್ತಿಗೋ ಸಿಟ್ಟಿಗೋ, ಆ ಹಳೇ ಸದ್ದನ್ನೇ ಅಣಕಿಸಿದಳು: "ಗುರ್ರ್ರ್... ಗುಡುಗುಡು..."

ಪುಟ್ಟನ ರೆಪ್ಪೆ ಭಾರವಾಯಿತು. ನಿಲ್ಲಿಸಿದಳು, ಕಣ್ಣು ಅಗಲವಾಯಿತು. ಮತ್ತೆ ಗುರ್ರ್ರ್ ಎಂದಳು, ಮತ್ತೆ ಮುಚ್ಚಿತು. ಅವಳ ವೇಳಾಪಟ್ಟಿಯ ಮಹಿಮೆ ಅಲ್ಲೇ ಮಣ್ಣುಪಾಲಾಯಿತು.

"ಇದೇನೇ ಅವತಾರ?" ಗಂಡ ಬಾಗಿಲಲ್ಲಿ ನಿಂತಿದ್ದ.

"ಹಿಡ್ಕೊಳ್ಳಿ. ಗುರ್ರ್ ಅನ್ನಿ. ಏರಿಸಿ, ಇಳಿಸಿ. ಯಾಕೆ ಅಂತ ಕೇಳ್ಬೇಡಿ."

ಅವಳು ಬಾಲ್ಕನಿಗೆ ಬಂದಳು. ಕೆಳಗೆ ತೋಟದಣ್ಣ ಯಂತ್ರ ನಿಲ್ಲಿಸಿ ನೆರಳಲ್ಲಿ ಕುಳಿತಿದ್ದ. ಫೋನನ್ನು ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟು, ಕೊನೆಗೂ ಅವನಿಗೆ ಕರೆ ಮಾಡಿದಳು.

"ಅಣ್ಣಾ, ಆ ಸ್ಪ್ರಿಂಗು..."

"ಸೂಪರಾಗಿದೆ ಅಮ್ಮಾ! ದಿನಾ ನಿಮ್ಮ ಹೆಸರು ಹೇಳ್ಕೊಂಡೇ ಓಡಿಸ್ತೀನಿ."

"ಅದನ್ನ ಹಳೇ ತೂತಿಗೇ ಹಾಕಿಬಿಡಿ."

"ಅಯ್ಯೋ! ಸಿಡಿದ್ರೆ?"

ಒಳಗೆ ಗಂಡನ ಇಂಜಿನ್ನು ಕೆಮ್ಮಿ ನಿಂತಿತು. ಪುಟ್ಟ ಕಿರುಚಿದ.

"ಏನೂ ಸಿಡಿಯಲ್ಲ, ನಾನು ಓದಿದ್ದೀನಿ," ಎಂದಳು. "ಬೇಗ ಹಾಕಿ ಅಣ್ಣಾ!"