ಅತ್ತೆಯ ಹಲ್ಲುನೋವು ಮತ್ತು ಕಾಪುವಿನ ಕಡಲು

ನನ್ನ ಅತ್ತೆ ಒಮ್ಮೆ ನಮ್ಮನ್ನು ಅಪಹರಿಸಿದ್ದರು. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಅಪಹರಿಸಿದ್ದರು. ಹಾಡುಹಗಲಲ್ಲಿ, ನಮ್ಮದೇ ಮನೆಯಲ್ಲಿ ಕಾಫಿ ಕುಡಿದು, ಲೋಟ ತೊಳೆದಿಟ್ಟು, ನನ್ನನ್ನೂ ಅಮ್ಮನನ್ನೂ ಜೀಪಿಗೆ ಹತ್ತಿಸಿಕೊಂಡು ಹೋದರು. ಇದು ಅಪಹರಣ ಎಂದು ನಮಗೆ ಹೊಳೆಯುವ ಹೊತ್ತಿಗೆ ಕೊಟ್ಟಿಗೆಹಾರದ ಹೋಟೆಲಿನಲ್ಲಿ ಎರಡನೇ ಸುತ್ತಿನ ನೀರುದೋಸೆ ಬಂದಿತ್ತು!

ಅತ್ತೆ ಎಂದರೆ ಅಪ್ಪನ ಅಕ್ಕ. ಮಲ್ಲಂದೂರಿನ ಕಡೆ ಅವರ ಕಾಫಿ ತೋಟ. ಡ್ರೈವರ್ ಹೇಳದೆ ಕೇಳದೆ ಕೆಲಸ ಬಿಟ್ಟ ಸಿಟ್ಟಿಗೆ ಐವತ್ತನೇ ವಯಸ್ಸಿನಲ್ಲಿ ಜೀಪು ಓಡಿಸಲು ಕಲಿತವರು. ಕೋಳಿ ಅಡ್ಡ ಬಂದರೆ ಗಾಡಿ ನಿಲ್ಲಿಸಿ ಅದಕ್ಕೆ ಬುದ್ಧಿ ಹೇಳುವರು. ನೆಂಟರ ಮನೆಯಲ್ಲಿ ಸಾರು ಸಪ್ಪೆಯೆನಿಸಿದರೆ ಅಡುಗೆಮನೆಗೇ ನುಗ್ಗಿ ಒಗ್ಗರಣೆ ಹಾಕಿ ಬರುವರು. ಮಾವ ಮಾತ್ರ ಆ ಜೀಪು ಹತ್ತಿದ್ದನ್ನು ನಾನು ನೋಡಿಲ್ಲ. ಆರೋಗ್ಯವಾಗಿ ಬಹುಕಾಲ ಬಾಳಿದರು.

ತೊಂಬತ್ತರ ದಶಕದ ಮಾತು. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕೂತಿದ್ದೆ. ಹಿಂದಿನ ಮಳೆಗಾಲದಲ್ಲಿ ಅಪ್ಪ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಅಂದಿನಿಂದ ಅಮ್ಮ ಕಾಫಿ ಒಣಗಿಸುವ ಕಣ ದಾಟಿ ಆಚೆ ಹೆಜ್ಜೆ ಇಟ್ಟಿರಲಿಲ್ಲ. ಮದುವೆ, ನಾಮಕರಣ ಹಾಗಿರಲಿ, ಪಕ್ಕದ ಮನೆಗೂ ಹೋಗಿರಲಿಲ್ಲ. ಯಾರು ಕರೆದರೂ ತಲೆ ಅಲ್ಲಾಡಿಸಿ ಒಳಗೆ ಹೋಗಿಬಿಡುತ್ತಿದ್ದಳು.

ಅಂಥ ಒಂದು ಬೆಳಿಗ್ಗೆ ಅತ್ತೆ ಕೆನ್ನೆಗೆ ಕರ್ಚೀಫು ಒತ್ತಿಕೊಂಡು ಬಂದಿಳಿದರು. ಹಲ್ಲುನೋವಂತೆ. ಮೂಡಿಗೆರೆಯಲ್ಲಿ ಡಾಕ್ಟರಿಗೆ ತೋರಿಸಬೇಕಂತೆ. ಒಬ್ಬರೇ ಹೋಗಲು ಹೆದರಿಕೆಯಂತೆ! ಅತ್ತೆಗೆ ಹೆದರಿಕೆ ಎಂಬ ಮಾತು ಕೇಳಿದಾಗಲೇ ನಮಗೆ ಅನುಮಾನ ಬರಬೇಕಿತ್ತು. ಆದರೆ ಅಮ್ಮ ಮರುಗಿದಳು. ಅರ್ಧ ಗಂಟೆಯ ಮಾತಲ್ಲವೇ ಎಂದು ಉಟ್ಟ ಸೀರೆಯಲ್ಲೇ ಜೀಪು ಹತ್ತಿದಳು.

ಮೂಡಿಗೆರೆ ಬಂತು. ಡಾಕ್ಟರ ಬೋರ್ಡು ಬಂತು. ಬೋರ್ಡು ಹಿಂದೆ ಹೋಯಿತು.

"ಅತ್ತಿಗೆ, ಡಾಕ್ಟ್ರ ಶಾಪು ದಾಟ್ತು," ಎಂದಳು ಅಮ್ಮ.

"ನೋವು ನಿಂತ್ಹೋಯ್ತು ಮಾರಾಯ್ತಿ," ಎಂದು ಅತ್ತೆ ಕರ್ಚೀಫನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದರು. "ಹೆಂಗೂ ಬಂದಿದ್ದೀವಿ, ಸಮುದ್ರ ನೋಡ್ಕಂಡು ಹೋಗಾಣ."

ಹೆಂಗೂ ಬಂದಿದ್ದೀವಿ! ಮೂಡಿಗೆರೆಗೆ ಬಂದವರು ಸಮುದ್ರ ನೋಡಿಕೊಂಡು ಹೋಗಲು ಅದೇನು ಸಂತೆಮಾಳವೇ? ಕೊಟ್ಟಿಗೆಹಾರದಲ್ಲಿ ಅಮ್ಮ ದೋಸೆ ಮುಂದಿಟ್ಟುಕೊಂಡು, ಬಸ್ಸು ಹತ್ತಿ ವಾಪಸು ಹೋಗುತ್ತೇನೆ, ಬದಲಾಯಿಸಲು ಒಂದು ಸೀರೆಯೂ ಇಲ್ಲ ಎಂದು ಹಟ ಹಿಡಿದಳು. ಅತ್ತೆ ಎದ್ದು ಹೋಗಿ ಜೀಪಿನ ಸೀಟಿನಡಿಯಿಂದ ಒಂದು ಚೀಲ ಎಳೆದು ತಂದರು. ಅದರಲ್ಲಿ ಅಮ್ಮನ ಎರಡು ಸೀರೆ, ನನ್ನದೊಂದು ಲಂಗ ಇದ್ದವು. ಹಿಂದಿನ ವಾರ ಬಟ್ಟೆ ಹಗ್ಗದಿಂದ ಮಾಯವಾಗಿದ್ದವೇ ಅವು. ಮಂಗಗಳ ಕೆಲಸವೆಂದು ಅಮ್ಮ ಮೂರು ದಿನ ಮರಗಳನ್ನು ನೋಡಿ ಬೈದಿದ್ದಳು!

ಚಾರ್ಮಾಡಿ ಘಾಟಿಯ ಬಗ್ಗೆ ಹೆಚ್ಚು ಬರೆಯಲಾರೆ, ಬಹುಪಾಲು ಕಣ್ಣು ಮುಚ್ಚಿಕೊಂಡಿದ್ದೆ. ಅತ್ತೆಗೆ ಮಾತಾಡುವಾಗ ಎದುರಿಗಿರುವವರ ಮುಖ ನೋಡಬೇಕು. ನಾವು ಕೂತಿದ್ದು ಹಿಂದಿನ ಸೀಟಿನಲ್ಲಿ. ತಿರುವಿನಲ್ಲಿ ಬಸ್ಸಿನ ಡ್ರೈವರೊಬ್ಬ ತಲೆ ಹೊರಗೆ ಹಾಕಿ ಗದರಿದ. ಬಿಸಿಲಿಗೆ ಪಿತ್ತ ಏರಿದೆ, ಮಜ್ಜಿಗೆ ಕುಡಿ ಎಂದು ಅತ್ತೆ ಅವನಿಗೆ ಸಲಹೆ ಕೊಟ್ಟರು.

ವೇಣೂರಿನಲ್ಲಿ ಗೊಮ್ಮಟನ ಮುಂದೆ ನಿಂತು ಎಲ್ಲರೂ ಕೈಮುಗಿದರೆ, ಅತ್ತೆ ಕೈಮುಗಿದಾದ ಮೇಲೆ ತನಿಖೆ ಶುರುಮಾಡಿದರು. ಇಷ್ಟೆತ್ತರದ ಕೆಲಸಕ್ಕೆ ಏಣಿ ಹಿಡಿದವರು ಯಾರು, ಆಳುಗಳೆಷ್ಟು, ಮೇಸ್ತ್ರಿ ಯಾರು? ಮಾಡಿಸಿದ ಅರಸರ ಹೆಸರು ಶಾಸನದಲ್ಲಿದೆ ಎಂದು ಅಲ್ಲಿದ್ದ ಅರ್ಚಕರು ವಿವರಿಸಿದರು. ಅರಸರು ಏಣಿ ಹತ್ತಿದ್ದರೇ ಎಂದು ಅತ್ತೆ ಕೇಳಿದರು. ಅರ್ಚಕರಿಗೆ ತಟ್ಟನೆ ಒಳಗೆ ಏನೋ ಕೆಲಸ ನೆನಪಾಯಿತು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಆದದ್ದೇ ಬೇರೆ. ಇಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಅಲ್ಲಿನ ಹಿರಿಯರೊಬ್ಬರು ಹೇಳಿದ್ದೇ ತಡ, ಅತ್ತೆ ಸೆರಗು ಬಿಗಿದರು. ತೋಟದಲ್ಲಿ ಗಿಡ ಗಿಡ ನೋಡಿಕೊಂಡು ಹೋಗುವಂತೆ ಸಾಲು ಹಿಡಿದು ಹೊರಟರು. ಪ್ರವಾಸಕ್ಕೆ ಬಂದಿದ್ದ ಯಾರದೋ ಮನೆಯವರನ್ನೂ ಎರಡು ಸಾಲುಗಳಿಗೆ ನೇಮಿಸಿದರು. ಅವರೂ ಯಾಕೆಂದು ಕೇಳದೆ ನೋಡತೊಡಗಿದರು! ನನಗೆ ಭೂಮಿಯೊಳಗೆ ಇಳಿದುಹೋದರೆ ಸಾಕೆನಿಸಿತ್ತು. ಮುಕ್ಕಾಲು ಗಂಟೆಯ ಮೇಲೆ ಅತ್ತೆ ಗೆದ್ದ ದನಿಯಲ್ಲಿ ಹಿರಿಯರನ್ನು ಕರೆದರು. ಎರಡು ಒಂದೇ ಥರದವು ಸಿಕ್ಕಿದ್ದವಂತೆ. ಒಂದನ್ನು ತೋರಿಸಿ, ಒಂದು ಸುತ್ತು ಕರೆದುಕೊಂಡು ಹೋಗಿ, ಇನ್ನೊಂದನ್ನು ತೋರಿಸಿದರು.

ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಅಮ್ಮ ಮೆಲ್ಲಗೆ ಹೇಳಿದಳು. "ಅತ್ತಿಗೆ, ಅದು ಅದೇ ಕಂಬ. ನೀವು ಸುತ್ತಿ ಬಂದು ಆಚೆ ಕಡೆಯಿಂದ ನೋಡ್ತಿದ್ದೀರಿ."

ಅತ್ತೆ ಕಂಬ ನೋಡಿದರು. ಹಿರಿಯರು ನೆಲ ನೋಡಿದರು. ಆಗ ಒಂದು ವಿಚಿತ್ರ ಸದ್ದು ಕೇಳಿಸಿತು. ತಿರುಗಿದರೆ ಅಮ್ಮ ನಗುತ್ತಿದ್ದಾಳೆ. ಬಾಯಿಗೆ ಸೆರಗು ಒತ್ತಿಕೊಂಡು, ಭುಜ ಕುಣಿಸಿಕೊಂಡು, ತಡೆಯಲಾಗದೆ ನಗುತ್ತಿದ್ದಾಳೆ. ಅಂದು ಅಷ್ಟೆಲ್ಲ ಕಂಡಿದ್ದರೂ ನಾನು ನಿಜವಾಗಿ ಬೆಚ್ಚಿದ್ದು ಆಗಲೇ. ಅಮ್ಮನ ನಗು ಹೇಗಿರುತ್ತದೆಂಬುದೇ ನನಗೆ ಮರೆತುಹೋಗಿತ್ತು.

ಕಾಪು ತಲುಪಿದಾಗ ಸಂಜೆ. ದೀಪಸ್ತಂಭದ ಬಂಡೆಗೆ ಅಲೆ ಹೊಡೆಯುತ್ತಿತ್ತು. ಅಮ್ಮ ಮೊದಲ ಸಲ ಕಡಲು ನೋಡಿದ್ದು. ನೆರಿಗೆ ಎತ್ತಿ ಹಿಡಿದು, ಯಾರೂ ಹೇಳದೆಯೇ ನೀರಿಗಿಳಿದಳು. ನಾನೂ ಹಿಂದೆಯೇ ಓಡಿದೆ. ಅತ್ತೆ ಮಾತ್ರ ಬರಲಿಲ್ಲ. ಚಪ್ಪಲಿ ಕಾಯುತ್ತೇನೆ, ಕರಾವಳಿಯ ನಾಯಿಗಳನ್ನು ನಂಬುವಂತಿಲ್ಲ ಎಂದು ಮರಳಿನಲ್ಲಿ ಕೂತರು.

ಅವರನ್ನು ಎಳೆದು ತರೋಣವೆಂದು ಹಿಂದಿರುಗಿದರೆ ಅತ್ತೆ ಅಳುತ್ತಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡು, ಇಡೀ ಮೈ ಅಲುಗುವಂತೆ. ಅಪ್ಪ ಹೋದ ದಿನ ಬಂದವರಿಗೆಲ್ಲ ಕಾಫಿ ಕಾಯಿಸಿ, ಅಡುಗೆಗೆ ಅಕ್ಕಿ ಅಳೆದು ಕೊಟ್ಟು, ಅಮ್ಮನಿಗೆ ಬಲವಂತವಾಗಿ ಗಂಜಿ ಕುಡಿಸಿದವರು ಇವರು. ಒಂದು ಹನಿ ಕಣ್ಣೀರು ಹಾಕಲಿಲ್ಲ, ಕಲ್ಲೆದೆ ಎಂದು ನೆಂಟರು ಆಡಿಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

"ಎಲ್ರೂ ಬಂದು ನಿಮ್ಮಮ್ಮನ್ನ ಕೇಳಿದ್ರು, ನಿನ್ನ ಕೇಳಿದ್ರು," ಎಂದರು ಅತ್ತೆ, ನನ್ನ ಕಡೆ ನೋಡದೆ. "ಸರಿಯೇ ಅದು. ಆದ್ರೆ ಅವ್ನು ನಂಗೂ ತಮ್ಮ ಅಲ್ವೇನೇ. ನಾ ಎತ್ತಿ ಆಡಿಸಿದ ಕೂಸು."

ಅಮ್ಮ ಯಾವಾಗ ನೀರಿನಿಂದ ಬಂದಳೋ ತಿಳಿಯಲಿಲ್ಲ. ಒದ್ದೆ ಸೀರೆಯಲ್ಲೇ ಅತ್ತೆಯ ಪಕ್ಕ ಮರಳಿನಲ್ಲಿ ಕೂತು, ಅವರ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಅತ್ತೆ ಅತ್ತು ಮುಗಿಸುವವರೆಗೆ ಅಮ್ಮ ಅವರ ಬೆನ್ನು ಸವರುತ್ತಲೇ ಇದ್ದಳು.

"ಏಳಿ ಅತ್ತಿಗೆ," ಎಂದಳು ಆಮೇಲೆ. "ನೀರಿಗೆ ಬನ್ನಿ."

ಅತ್ತೆ ತಗ್ಗಿದ ದನಿಯಲ್ಲಿ ತಮಗೆ ಭಯವೆಂದರು. ಅಮ್ಮ ಅವರ ಕೈ ಹಿಡಿದು ಮೆಲ್ಲಗೆ ನಡೆಸಿಕೊಂಡು ಹೋದಳು. ನೀರು ಪಾದ ಮುಟ್ಟುವಲ್ಲಿ ಇಬ್ಬರೂ ನಿಂತರು. ಅಲೆ ಬಂದಾಗಲೆಲ್ಲ ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಅದು ಹಿಂದೆ ಸರಿದಾಗಲೆಲ್ಲ ಅಮ್ಮ ಹೇಳುತ್ತಿದ್ದಳು:

"ಹೋಯ್ತು ಅತ್ತಿಗೆ. ಕಣ್ಣು ಬಿಡಿ."