ಸಾಹೇಬನ ಕರಿ ಹಿಂಡಿ

ಮಾನ್ವಿಯ ಚನ್ನಮಲ್ಲಮ್ಮನಿಗೆ ಸಿಟ್ಟು ಬರುವುದಕ್ಕೆ ಹೊತ್ತುಗೊತ್ತು ಎಂಬುದಿರಲಿಲ್ಲ, ನಿಜ. ಆದರೆ ಆ ವರ್ಷ ಶೇಂಗಾ ಸುಗ್ಗಿಯಲ್ಲಿ ಬಂದ ಸಿಟ್ಟು ಮಾತ್ರ ನ್ಯಾಯವಾದದ್ದೇ ಎಂದು ಆಕೆಯ ಗಂಡ ವಿರೂಪಣ್ಣನೂ ಒಪ್ಪಿದ್ದ. (ಒಪ್ಪದೆ ಇರುವ ಅಭ್ಯಾಸ ಅವನಿಗೆ ಮದುವೆಯಾದ ವರ್ಷವೇ ತಪ್ಪಿಹೋಗಿತ್ತು.) ಮನೆಗೆ ಬಂದ ಅತಿಥಿಯೊಬ್ಬ, ಆಕೆ ಕೈಯಾರೆ ಹುರಿದು ಕುಟ್ಟಿದ ಶೇಂಗಾ ಹಿಂಡಿಯ ಬಟ್ಟಲನ್ನು ಒಂದೇ ಬೆರಳಿನಿಂದ ಆಚೆ ಸರಿಸಿ, ತನ್ನ ಪೆಟ್ಟಿಗೆಯಿಂದ ಗಾಡಿಯ ಕೀಲೆಣ್ಣೆಯಂಥದ್ದೇನನ್ನೋ ತೆಗೆದು ರೊಟ್ಟಿಗೆ ಸವರಿಕೊಂಡು ತಿಂದರೆ ಯಾವ ಹೆಣ್ಣುಮಗಳು ಸುಮ್ಮನಿದ್ದಾಳು?

ಅತಿಥಿ ಸಾಮಾನ್ಯದವನಲ್ಲ, ಖಾಸಾ ವಿಲಾಯತಿಯವನು. ದೊಡ್ಡ ಯುದ್ಧ ಮುಗಿದ ಮರುವರ್ಷ ವಿರೂಪಣ್ಣ ತನ್ನ ಶೇಂಗಾ ಎಣ್ಣೆಯ ಗಿರಣಿಗೆ ಹೊಸ ಇಂಜಿನ್ನು ತರಿಸಿದ್ದ. ಇಂಜಿನ್ನು ಬಂತು, ಪೂಜೆ ಮಾಡಿಸಿಕೊಂಡಿತು, ಕಾಯಿ ಒಡೆಸಿಕೊಂಡಿತು. ತಿರುಗು ಎಂದರೆ ಮಾತ್ರ ತಿರುಗಲಿಲ್ಲ. ಅಂಗಳದಲ್ಲಿ ಶೇಂಗಾ ಮೂಟೆಗಳು ಗುಡ್ಡ ಬಿದ್ದವು. ವಿರೂಪಣ್ಣ ತಂತಿ ಹೊಡೆದ ಮೇಲೆ, ಇಂಜಿನ್ನು ಮಾರಿದವರು ಮದ್ರಾಸಿನಿಂದ ಟರ್ನರ್ ಎಂಬ ಬಿಳಿ ಮಿಸ್ತ್ರಿಯನ್ನು ಕಳಿಸಿದರು. ಊರಿನವರು ಒಂದೇ ದಿನದಲ್ಲಿ ಅವನನ್ನು ಟರ್ನಪ್ಪ ಮಾಡಿದರು. ಡಾಕ್ ಬಂಗ್ಲೆಯಲ್ಲಿ ಯಾರೋ ಅಧಿಕಾರಿಯ ಬೀಗರು ಬೀಡುಬಿಟ್ಟಿದ್ದರಿಂದ ಟರ್ನಪ್ಪ ವಿರೂಪಣ್ಣನ ಮನೆಯ ಹೊರಗಿನ ಕೋಣೆಗೆ ಬಂದ. ಮಾಂಸ ಇಲ್ಲ, ಶೆರೆ ಇಲ್ಲ, ಇದು ಲಿಂಗವಂತರ ಮನೆ ಎಂದು ಮೊದಲೇ ಹೇಳಿಸಲಾಯಿತು. ಪಾಪ, ಅವನು ಎಲ್ಲದಕ್ಕೂ ತಲೆಯಾಡಿಸಿದ.

ಹೇಳಿಸಿದ್ದು ಗಿರಣಿಯ ಗುಮಾಸ್ತ ಗುಲಾಮ್ ದಸ್ತಗೀರ್‌ನಿಂದ. ರಾಯಚೂರಿನಲ್ಲಿ ಒಂದಷ್ಟು ವರ್ಷ ಓದಿ ಬಂದಿದ್ದ ಅವನಿಗೆ ಉರ್ದು ನೀರು ಕುಡಿದಂತೆ, ಕನ್ನಡ ಮಜ್ಜಿಗೆ ಕುಡಿದಂತೆ, ಇಂಗ್ಲೀಷು ಬಿಕ್ಕಳಿಕೆ ಬಂದಂತೆ.

ಮೊದಲ ದಿನದ ಊಟಕ್ಕೆ ಚನ್ನಮಲ್ಲಮ್ಮ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು, ಇವೆಲ್ಲಕ್ಕೂ ಅರಸನಂತೆ ನಡುವೆ ಹಿಂಡಿ ಬಡಿಸಿ ಕಳಿಸಿದ್ದಳು. ಆಕೆಯ ಹಿಂಡಿಯೆಂದರೆ ಹುಡುಗಾಟವಲ್ಲ. ಮೊಸರಲ್ಲಿ ಕಲಸಿ ರೊಟ್ಟಿಗೆ ಸವರಿಕೊಂಡ ದೊಡ್ಡ ದೊಡ್ಡ ಮಂದಿ ಬೆರಳು ಚೀಪುತ್ತ ಬಂದ ಕೆಲಸ ಮರೆತದ್ದುಂಟು. ಅಂಥದ್ದನ್ನು ಟರ್ನಪ್ಪ ಸರಿಸಿಟ್ಟ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಚನ್ನಮಲ್ಲಮ್ಮನ ಕಣ್ಣೆದುರೇ, ಹೊಟ್ಟೆ ದಪ್ಪಗಿದ್ದ ಸಣ್ಣ ಬಾಟ್ಲಿಯೊಂದನ್ನು ತೆಗೆದು, ಅದರೊಳಗಿನ ಕರೀ ಅಂಟನ್ನು ಚಾಕುವಿನಿಂದ ರೊಟ್ಟಿಗೆ ಬಳಿದು, ಕಣ್ಣು ಮುಚ್ಚಿ, ಸುಖವಾಗಿ ತಿಂದ.

ಮರುದಿನ ದಸ್ತಗೀರ್‌ನ ವಿಚಾರಣೆ ನಡೆಯಿತು.

"ಯಾಕ ತಿನ್ನಲಿಲ್ಲ ಅವ? ಖರೇ ಹೇಳು."

"ತಪ್ಪು ಯಾರದೂ ಅಲ್ಲ ಅವ್ವಾರ," ಎಂದ ದಸ್ತಗೀರ್ ನೆಲ ನೋಡುತ್ತ. "ನಿನ್ನೆ ಗಿರಣ್ಯಾಗ ಎತ್ತಿನ ಮುಂದ ಎಣ್ಣಿ ತಗದ ಹಿಂಡಿ ಇಟ್ಟಿದ್ವಿ. ಸಾಹೇಬ್ರು ಅದೇನು ಅಂತ ಕೇಳಿದ್ರು. ಹಿಂಡಿ, ದನದ ಖಾನಾ ಅಂದೆ. ಸಂಜಿಗೆ ತಾಟಿನ್ಯಾಗಿನದು ಏನು ಅಂದ್ರು. ಹಿಂಡಿ ಅಂದೆ."

"ಅದ ಬ್ಯಾರೆ, ಇದ ಬ್ಯಾರೆ ಅಂತ ಹೇಳಾಕ ನಿನ್ನ ಬಾಯಿ ಬಿದ್ದುಹೋಗಿತ್ತೇನು?"

"ಹೇಳಿದೆ ಅವ್ವಾರ. ಎರಡೂ ಶೇಂಗಾದಿಂದನ ಮಾಡತಾರ, ಒಂದು ಎತ್ತಿಗೆ, ಒಂದು ಮನಶ್ಯಾಗ ಅಂದೆ. ಯಾವುದು ಯಾರಿಗೆ ಅಂತ ಕೇಳಿದ್ರು. ಅಷ್ಟರಾಗ ನನ್ನ ಇಂಗ್ಲೀಷ ಮುಗದಿತ್ತು."

ಇನ್ನು ಮುಂದೆ ಅದನ್ನು ಚಟ್ನಿ ಎಂದು ಕರೆಯತಕ್ಕದ್ದು ಎಂದು ಚನ್ನಮಲ್ಲಮ್ಮ ಫರ್ಮಾನು ಹೊರಡಿಸಿದಳು. ಆ ರಾತ್ರಿ ದಸ್ತಗೀರ್ ಚಟ್ನಿ ಎಂದೇ ಅಂದ. ಆದರೆ ಟರ್ನಪ್ಪನ ಕಣ್ಣುಗಳು ನೆಟ್ಟಗಿದ್ದವು. ಬಟ್ಟಲನ್ನು ನೋಡಿ, ದಸ್ತಗೀರ್‌ನನ್ನು ನೋಡಿ, ನಸುನಕ್ಕು ಮತ್ತೆ ತನ್ನ ಬಾಟ್ಲಿಗೇ ಕೈ ಹಾಕಿದ.

"ನಿಮ್ಮ ಇಂಜಿನ್ನು ತಿರಗಲಿಲ್ಲಂದ್ರೂ ಅಡ್ಡಿ ಇಲ್ಲ, ಅವನ್ನ ಹೊರಗ ಹಾಕ್ರಿ," ಎಂದಳು ಚನ್ನಮಲ್ಲಮ್ಮ ಗಂಡನಿಗೆ. "ನನ್ನ ಕೈ ಹಿಂಡಿ ಎತ್ತಿನ ಮುಸುರಿ ಆತು, ಅವನ ಕೀಲೆಣ್ಣಿ ಅಮೃತ ಆತು."

"ಇವತ್ತ ಇಂಜಿನ್ನ ಬಿಚ್ಚ್ಯಾನ," ಎಂದ ವಿರೂಪಣ್ಣ ಮೆಲ್ಲಗೆ. "ಹೊಳ್ಳಿ ಕೂಡಸೂತನಕ ತಡಕೋ. ಬಿಚ್ಚಿದಾವನ್ನ ಬಿಟ್ಟು ಬ್ಯಾರೆದಾವರಿಗೆ ಅದು ಕೂಡಂಗಿಲ್ಲ."

ಇಷ್ಟಕ್ಕೇ ಮುಗಿದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳೇನೋ. ಆದರೆ ಮಾನ್ವಿಯ ಸುದ್ದಿ ಮಾನ್ವಿಯಲ್ಲಿ ನಿಲ್ಲುವ ಜಾಯಮಾನದ್ದಲ್ಲ. ಇದ್ದಲಿನ ಹೊಗೆ ಕಾರುತ್ತ ಓಡಾಡುವ ಬಸ್ಸು ಹತ್ತಿ ಅದು ದೇವದುರ್ಗಕ್ಕೆ ಹೋಯಿತು. ದೇವದುರ್ಗದಲ್ಲಿದ್ದವಳು ಯಾರು? ವಿರೂಪಣ್ಣನ ತಂಗಿ ಬಸವಂತಮ್ಮ. ಹಿಂಡಿಯಲ್ಲಿ ಅವಳದೇ ಒಂದು ಘರಾಣೆ: ಬೆಲ್ಲ ಹಾಕುವವಳು. ಚನ್ನಮಲ್ಲಮ್ಮನ ಧರ್ಮಶಾಸ್ತ್ರದಲ್ಲಿ ಹಿಂಡಿಗೆ ಬೆಲ್ಲ ಹಾಕುವುದು ಮಹಾಪಾತಕಗಳಲ್ಲೊಂದು. ಅತ್ತಿಗೆ ನಾದಿನಿಯರ ನಡುವೆ ಈ ಬೆಲ್ಲದ ಕಹಿ ಬಹಳ ಹಳೆಯದು.

ಮೂರನೆಯ ದಿನ ಬಸ್ಸಿನವನ ಕೈಯಲ್ಲಿ ಬಸವಂತಮ್ಮನ ಗಡಿಗೆ ಬಂತು, ಬಾಯಿಗೆ ಬಿಳಿ ಅರಿವೆ ಬಿಗಿದದ್ದು. ಜೊತೆಗೆ ಬಾಯಿಮಾತು: "ವೈನಿ ಕೈ ಅಡಗಿ ಸಾಹೇಬಗ ಸೇರಲಿಲ್ಲಂತ ಕೇಳಿ ಭಾಳ ಕೆಟ್ಟ ಅನಸ್ತು. ಮನಿ ಮರ್ಯಾದಿ ಪ್ರಶ್ನಿ. ಇದನ್ನ ಬಡಸಿ ನೋಡ್ರಿ."

ಚನ್ನಮಲ್ಲಮ್ಮ ಗಡಿಗೆಯನ್ನು ಬಿಚ್ಚಲಿಲ್ಲ. ಅಟ್ಟದ ಮೇಲಿಟ್ಟಳು. ಅದರ ಕಡೆ ಬೆನ್ನು ಮಾಡಿ ಕೂತು, ನೀರು ಕುಡಿದಳು. ಎದ್ದಳು. ಟರ್ನಪ್ಪ ಗಿರಣಿಗೆ ಹೋಗಿದ್ದ. ಕೋಣೆಯ ಕಸ ಗುಡಿಸುವ ನೆಪದಿಂದ ಪೊರಕೆ ಹಿಡಿದು ಒಳಗೆ ಹೋದಳು. (ಆ ಕೋಣೆಯನ್ನು ಬೆಳಿಗ್ಗೆಯೇ ಗುಡಿಸಿಯಾಗಿತ್ತು.) ಗೋಡೆಯ ಗೂಡಿನಲ್ಲಿ ಬಾಟ್ಲಿ ಕೂತಿತ್ತು. ಶತ್ರುವಿನ ಬಲ ತಿಳಿಯದೆ ಯುದ್ಧಕ್ಕೆ ಇಳಿಯಬಾರದೆಂದು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೂಸಿದಳು. ಹುಳಿ ಬಂದ ಅಂಬಲಿ ಗಡಿಗೆಯಲ್ಲಿ ಬೆಲ್ಲ ಸುಟ್ಟಂಥ ವಾಸನೆ. ಬೆರಳ ತುದಿಗೆ ಚೂರು ತೆಗೆದು ನಾಲಗೆಗೆ ಇಟ್ಟಳು. ಉಪ್ಪಿನ ಮೂಟೆಯಲ್ಲಿ ಮುಖ ಸಿಕ್ಕಿಕೊಂಡಂತಾಯಿತು. ಹಿತ್ತಿಲಿಗೆ ಓಡಿ ಬಾಯಿ ಮುಕ್ಕಳಿಸಿ, ಟರ್ನಪ್ಪನ ಕುಲವನ್ನೆಲ್ಲ ಬೈದಳು. ಬೈಯುವಾಗ ನಾಲಗೆಯ ಹಿಂಬದಿಯಲ್ಲಿ ಏನೋ ಉಳಿದಿತ್ತು. ಕೆಟ್ಟದ್ದೇ, ಆದರೆ ಎಂಥ ಕೆಟ್ಟದ್ದು ಎಂದು ಹೇಳಲು ಬಾರದಂಥದ್ದು. ಅಡುಗೆ ಬಲ್ಲವಳಿಗೆ ಇದೊಂದು ಅವಮಾನ. ತಿಳಿದುಕೊಳ್ಳಲು ಮತ್ತೊಮ್ಮೆ ಹೋಗಬೇಕಾಯಿತು. ಎರಡನೆಯ ಸಲದ ತೀರ್ಮಾನ ಸರಿಯಾಗಿದೆಯೇ ಎಂದು ನೋಡಲು ಮೂರನೆಯ ಸಲ.

"ಬಳ್ಳೊಳ್ಳಿ ಇಲ್ಲ," ಎಂದು ಗೂಡಿಗೆ ಹೇಳಿದಳು. "ಖಾರಿಲ್ಲ. ಜೀರಗಿ ಇಲ್ಲ. ಪಾಪ, ಹಡದವ್ವ ಏನೂ ಕಲಿಸಿಲ್ಲ."

ಆಗಲೇ ಆಕೆಗೆ ಉಪಾಯ ಹೊಳೆದದ್ದು. ಒಂದು ದೊಡ್ಡ ಚಮಚದಷ್ಟು ಕರಿಯ ಅಂಟನ್ನು ಬಟ್ಟಲಿಗೆ ತೆಗೆದುಕೊಂಡು ಒಳಗೆ ಬಂದಳು. ಬಿಸಿಬಿಸಿ ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒರಳಿಗೆ ಹಾಕಿ, ಉಪ್ಪು ಮಾತ್ರ ಬಿಟ್ಟು, ಅದರ ಬದಲು ಇದನ್ನು ಸೇರಿಸಿ ಕುಟ್ಟಿದಳು. ಒನಕೆಯ ಪೆಟ್ಟಿಗೆ ಓಣಿಯ ನಾಯಿಗಳು ಎದ್ದು ಕೂತವು.

ಆ ಸಂಜೆ ಟರ್ನಪ್ಪ ಎಂದಿನಂತೆ ಬಟ್ಟಲನ್ನು ಸರಿಸಲು ಬೆರಳು ಚಾಚಿದ. ಬೆರಳು ಹಾಗೇ ನಿಂತಿತು. ಮೂಗು ಅರಳಿತು. ಚೂರು ತಿಂದ. ಮತ್ತೆ ತಿಂದ. ಬಟ್ಟಲು ಬರಿದಾದ ಮೇಲೆ ಅದರೊಳಗೆ ರೊಟ್ಟಿಯ ತುಂಡಾಡಿಸಿ ಒರೆಸಿದ. "ವೆರಿ ಗುಡ್, ಹಿಂಡಿ," ಎಂದ. ಬಾಗಿಲ ಸಂದಿಯಲ್ಲಿ ಚನ್ನಮಲ್ಲಮ್ಮ ಸೆರಗು ಸರಿಮಾಡಿಕೊಂಡಳು, ಕೋಟೆ ಗೆದ್ದವರು ಪೇಟ ಸರಿಮಾಡಿಕೊಳ್ಳುವ ಹಾಗೆ.

ಮರುದಿನವೇ ದೇವದುರ್ಗದ ಗಡಿಗೆ, ಕಟ್ಟಿದ ಅರಿವೆ ಕಟ್ಟಿದಂತೆಯೇ, ಅದೇ ಬಸ್ಸಿನಲ್ಲಿ ಹಿಂದಕ್ಕೆ ಹೋಯಿತು. "ಸಾಹೇಬ ನಮ್ಮ ಮನಿ ಹಿಂಡಿ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ ಅಂತಾನ, ಏನ ಮಾಡೋದು."

ಅಂದಿನಿಂದ ದಿನವೂ ಹಿಂಡಿ ಆಯಿತು, ದಿನವೂ ಬಾಟ್ಲಿ ಇಳಿಯಿತು. ಮನೆಯವರೂ ತಿಂದರು. ವಿರೂಪಣ್ಣ ಒಂದು ರೊಟ್ಟಿ ಹೆಚ್ಚು ಕೇಳಿದ. ನೆರೆಯ ಮುದುಕಪ್ಪನ ಹೆಂಡತಿ ಬಟ್ಟಲು ಹಿಡಿದು ಬಂದಳು. ಒಂದು ಸಂಜೆ ದಸ್ತಗೀರ್ ಮುಜುಗರಪಡುತ್ತ, "ಅವ್ವಾರ, ನಿಮ್ಮ ಮನ್ಯಾಗ ಇಲಿ ಅದಾವೇನು ಅಂತ ಸಾಹೇಬ್ರು ಕೇಳಾಕತ್ತಾರ," ಎಂದ.

"ನಮ್ಮ ಮನ್ಯಾಗ ಇಲಿ?" ಚನ್ನಮಲ್ಲಮ್ಮನಿಗೆ ನಿಜಕ್ಕೂ ಸಿಟ್ಟು ಬಂತು. "ಇದ್ದರೂ ಜ್ವಾಳ ತಿಂತಾವ, ಕೀಲೆಣ್ಣಿ ನೆಕ್ಕೋ ಇಲಿ ನಮ್ಮ ಕಡೆ ಹುಟ್ಟಿಲ್ಲಂತ ಹೇಳು."

ಗಡಿಗೆ ಹಿಂದಕ್ಕೆ ಬಂದದ್ದನ್ನು ಸಹಿಸದೆ ಬಸವಂತಮ್ಮ ತಾನೇ ಬಸ್ಸು ಹತ್ತಿ ಬಂದಳು. ಬಂದವಳು ಕಾಲು ತೊಳೆದು, ತಾಟಿನ ಮುಂದೆ ಕೂತು, ಹಿಂಡಿಯನ್ನು ಸಂಶಯದಿಂದ ಮುರಿದು ಬಾಯಿಗೆ ಹಾಕಿಕೊಂಡಳು. ಮೂರನೆಯ ರೊಟ್ಟಿ ಮುಗಿದ ಮೇಲೆ ಕೇಳಿದಳು:

"ವೈನಿ, ಏನ ಹಾಕೀಯಬೇ ಇದಕ್ಕ? ಮೊದಲಿನಂಗಿಲ್ಲ ಇದು."

"ಏನ ಹಾಕತಾರವ್ವಾ, ಬಡವರ ಮನ್ಯಾಗ. ಎಲ್ಲಾರ ಹಾಕೂದ ನಾನೂ ಹಾಕೀನಿ. ಕೈಗುಣ ಅನ್ನೂದು ಒಂದಿರತದ ನೋಡು, ಅದನ್ನ ಕಲಿಸಿಕೊಡಾಕ ಬರಂಗಿಲ್ಲ."

ಬಸವಂತಮ್ಮ ಸೋತಳು. ಊರಿಗೆ ಒಯ್ಯಲು ಒಂದು ಗಡಿಗೆ ಕಟ್ಟಿಕೊಡು ಎಂದು ತಾನಾಗಿ ಬಾಯಿಬಿಟ್ಟು ಕೇಳಿದಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಚನ್ನಮಲ್ಲಮ್ಮ ಇಷ್ಟು ಸಂತೋಷಪಟ್ಟಿರಲಿಲ್ಲ.

ಅದರ ಮರುದಿನ ಇಂಜಿನ್ನು ತಿರುಗಿತು. ಊರೆಲ್ಲ ಅದರ ದಡದಡ ಕೇಳಿತು. ಟರ್ನಪ್ಪ ರಾಯಚೂರಿಗೆ ಹೋಗಿ ರೈಲು ಹಿಡಿಯಬೇಕು; ಪೆಟ್ಟಿಗೆ ಗಾಡಿಯಲ್ಲಿ ಇಟ್ಟಾಗಿತ್ತು. ಕಳಿಸಿಕೊಡಲು ಓಣಿಯ ಹೆಂಗಸರು ಕಟ್ಟೆಯ ಬಳಿ ಸೇರಿದ್ದರು. ಚನ್ನಮಲ್ಲಮ್ಮ ಹೊಸ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು, ಪಕ್ಕದಲ್ಲಿ ಬಸವಂತಮ್ಮ. ಟರ್ನಪ್ಪ ಟೊಪ್ಪಿಗೆ ತೆಗೆದು, ಬರಿದಾದ ಬಾಟ್ಲಿಯನ್ನು ಎತ್ತಿ ಹಿಡಿದು, ನಗುತ್ತ ಏನೋ ಬಹಳ ಹೊತ್ತು ಹೇಳಿದ. ದಸ್ತಗೀರ್ ತನ್ನ ಜೀವಮಾನದ ಎಲ್ಲ ಇಂಗ್ಲೀಷನ್ನೂ ಒಟ್ಟು ಮಾಡಿ ಕೇಳಿಸಿಕೊಂಡು, ಓಣಿಗೆಲ್ಲ ತಿಳಿಯುವಂತೆ ಗಟ್ಟಿಯಾಗಿ ತಿಳಿಸಿದ:

"ಅವ್ವಾರ, ಸಾಹೇಬ್ರು ನಿಮಗ ಶುಕ್ರಿಯಾ ಹೇಳಾಕತ್ತಾರ. ಈ ಬಾಟ್ಲಿ ಸಂಬಂಧ ಮದ್ರಾಸೆಲ್ಲ ತಿರಗಿ ಒಂದ ಅಂಗಡ್ಯಾಗ ಹಿಡದಿದ್ರಂತ. ಇದನ್ನ ಹಿಂಡ್ಯಾಗ ಹಾಕೀರಂತ ಮೊದಲನೇ ದಿನಾನ ಗೊತ್ತಾತಂತ. ಸಣ್ಣವ್ರಿದ್ದಾಗಿಂದ ತಿಂದ ವಾಸನಿ, ತಿಳಿಯಂಗಿಲ್ಲೇನು ಅಂತಾರ. ಇಲಿ ಅಂದಿದ್ದು ಮಷ್ಕಿರಿಗೆ, ನಗಸಾಕಂತ. ಅವ್ವಾರಿಗೆ ಇದು ಇಷ್ಟ ಸೇರ್ಯದ, ಮದ್ರಾಸ ಮುಟ್ಟಿದ ಕೂಡಲೆ ಒಂದ ಪೆಟಿಗಿ ಕಳಸ್ತೀನಿ ಅಂತಾರ."

ಬಸವಂತಮ್ಮ ಮೆಲ್ಲಗೆ, "ಕೈಗುಣ," ಎಂದಳು.

ಹೆಂಡತಿ ಮಾತಿಲ್ಲದೆ ನಿಂತದ್ದನ್ನು ವಿರೂಪಣ್ಣ ಹಿಂದೆಂದೂ ಕಂಡವನಲ್ಲ. ಆಕೆಯ ಮಾನ ಕಾಯಬೇಕೆಂದು ಮುಂದೆ ಬಂದು, "ಅದಕ್ಕೇನಾತು, ಒಳ್ಳೇ ಪದಾರ್ಥ ಇದ್ದೀತು, ಹಾಕ್ಯಾಳ. ಏತರಿಂದ ಮಾಡತಾರಂತ ಕೇಳು ದಸ್ತಗೀರ, ಎಲ್ಲಾರೂ ತಿಳಕೊಳ್ಳಿ," ಎಂದ.

ದಸ್ತಗೀರ್ ಕೇಳಿದ. ಉತ್ತರ ಕೇಳುತ್ತಿದ್ದಂತೆ ಅವನ ಮುಖ ಸಣ್ಣದಾಯಿತು. "ಇರಲಿ ಬಿಡ್ರಿ ಸಾವ್ಕಾರ್ರೇ, ರೈಲಿನ ಹೊತ್ತಾತು," ಎಂದ.

"ಹೇಳೋ," ಎಂದಳು ಬಸವಂತಮ್ಮ.

"ಅವ್ರ ದೇಶದಾಗ ಜವೆಗೋಧಿ ಶೆರೆ ಕಾಸತಾರಂತ್ರಿ. ಆ ಹಂಡೇದ ತಳದಾಗ ಗಸಿ ಉಳೀತದಲ್ಲ, ಅದನ್ನ ಸೋಸಿ, ಹಿಂಡಿ, ಉಪ್ಪ ಹಾಕಿ..." ಅವನು ಸರಿಯಾದ ಮಾತಿಗಾಗಿ ತಡಕಾಡಿ, ಕೊನೆಗೆ ಪ್ರಾಮಾಣಿಕನಾಗಿ ಹೇಳಿಬಿಟ್ಟ: "ಅಂದ್ರ ಅದೂ ಹಿಂಡೀನ್ರಿ."

ಗಾಡಿ ಹೊರಟಿತು. ಟರ್ನಪ್ಪ ಕಾಣುವವರೆಗೂ ಕೈ ಬೀಸಿದ. ಇತ್ತ ಮುದುಕಪ್ಪನ ಹೆಂಡತಿ ಬಾಯಿಗೆ ಸೆರಗು ಮುಚ್ಚಿಕೊಂಡು ಮನೆಗೆ ಓಡಿದಳು. ಬಸವಂತಮ್ಮ ಹಣೆಗೆ ಮತ್ತೊಂದು ಸುತ್ತು ವಿಭೂತಿ ಧರಿಸಿದಳು. ಅತ್ತಿಗೆಯನ್ನು ಏನೂ ಅನ್ನುವಂತಿರಲಿಲ್ಲ. ಮೂರು ರೊಟ್ಟಿ ತಿಂದು ಕೊಂಡಾಡಿದವಳು ಊರಿಗೆ ಹೋಗಿ ಏನೆಂದು ಹೇಳಿಯಾಳು? ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಚನ್ನಮಲ್ಲಮ್ಮ ಉಳಿದ ಹಿಂಡಿಯನ್ನು ಎತ್ತುಗಳಿಗೆ ಸುರಿದು, ಒರಳನ್ನು ಬೂದಿ ಹಾಕಿ ಉಜ್ಜಿದಳು. ಉಜ್ಜುವಾಗ ಗಮನಕ್ಕೆ ಬಂದದ್ದೇನೆಂದರೆ, ನಾದಿನಿ ಕಟ್ಟಿಸಿಕೊಂಡಿದ್ದ ಗಡಿಗೆ ಎಲ್ಲಿಯೂ ಇರಲಿಲ್ಲ.

ಆಮೇಲೆ ಮೊದಲಿನ ಪ್ರಕಾರ ಶುದ್ಧವಾದ ಹಿಂಡಿ ಕುಟ್ಟಿದಳು. ವಿರೂಪಣ್ಣ ಒಂದು ತುತ್ತು ತಿಂದು, "ಯಾಕೋ ಏನೋ ಕಡಿಮಿ ಆಗ್ಯದ," ಎಂದ. ಆ ರಾತ್ರಿ ಅವನು ಗಿರಣಿಯಲ್ಲೇ ಮಲಗಿದ. ಆದರೆ ಚನ್ನಮಲ್ಲಮ್ಮನೂ ಒಬ್ಬಳೇ ಕೂತು ತಿಂದು ನೋಡಿದ್ದಳು. ಹಾಳಾದದ್ದು, ಕಡಿಮೆಯೇ ಆಗಿತ್ತು.

ಗಂಡ ರಾಯಚೂರಿಗೆ ಹೋಗಿ ಬಂದಾಗಲೆಲ್ಲ ಆಕೆ, ಬೇರೆ ಕಡೆ ನೋಡುತ್ತ, "ಸ್ಟೇಷನ್ನಿನ್ಯಾಗ ನಮ್ಮ ಹೆಸರಿಲೆ ಏನಾರ ಬಂದದೇನು ಕೇಳಿದ್ರೇನು?" ಎನ್ನುತ್ತಿದ್ದಳು.

"ಬಂದರ ಏನ ಮಾಡಾಕಿ?"

"ಹೊಳ್ಳಿ ಕಳಸಬ್ಯಾಡೇನು? ಅಂಥಾದ್ದು ನಮ್ಮ ಮನಿಗೆ ಕಳಸಾಕ ಅವಗೆಷ್ಟ ಧೈರ್ಯ?"

ಬರಲಿಲ್ಲ. ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಮಳೆಗಾಲದಲ್ಲೊಂದು ದಿನ ವಿರೂಪಣ್ಣ ರಾಯಚೂರಿನಿಂದ ತೊಯ್ದು ಬಂದು, ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ ದೊಡ್ಡ ಸುದ್ದಿ ಹೇಳಿದ. "ಇಂಗ್ಲೀಷರು ಹೊಂಟ್ರಂತ. ರಾಜ್ಯಾ ಬಿಟ್ಟುಕೊಟ್ಟು, ಗಂಟು ಮೂಟಿ ಕಟ್ಟಿಕೊಂಡು ಹಡಗ ಹತ್ತಾಕತ್ತಾರಂತ."

ಚನ್ನಮಲ್ಲಮ್ಮನ ಕೈಯಲ್ಲಿದ್ದ ಒನಕೆ ನಿಂತಿತು. "ಎಲ್ಲಾರೂ?"

"ಎಲ್ಲಾರೂ."

ಆಕೆ ಒರಳಿನೊಳಗೇ ನೋಡುತ್ತ ಕೂತಳು. ದೇಶಕ್ಕೆ ಬಂದ ಭಾಗ್ಯ ಕೇಳಿ ಹೆಂಡತಿಯ ಮನಸ್ಸು ತುಂಬಿತೆಂದು ವಿರೂಪಣ್ಣ ಗೌರವದಿಂದ ಕಾದ.

"ಹೋಗೋರು ಹೋಗಲಿ," ಎಂದಳು ಕೊನೆಗೆ, ಒನಕೆಯನ್ನು ಒರಳಿಗೆ ಒಂದು ಜಡಿತ ಜಡಿದು. "ಹೋಗೂಕಿಂತ ಮೊದಲ, ಮಂದಿಗೆ ಕಳಸ್ತೀನಿ ಅಂದಿದ್ದನ್ನ ಕಳಿಸಿ ಹೋಗಬೇಕಂತ ಅಷ್ಟು ಮಂದ್ಯಾಗ ಒಬ್ಬಗರ ಬುದ್ಧಿ ಬ್ಯಾಡೇನು?"